ಒಂದೇ ಕೋಟು, ಮಡಚಿದ ಪ್ಯಾಂಟು

ಮನುಷ್ಯನನ್ನು ಬಟ್ಟೆಯಿಂದ ಅಳೆಯಬಾರದು ಎಂಬ ವಿಷಯದ ಮೇಲೆ ನಾನು ಸಕಲೇಶಪುರದ ಕಾಲೇಜಿನಲ್ಲಿ ಒಮ್ಮೆ ಪರವಾಗಿ, ಇನ್ನೊಮ್ಮೆ ವಿರೋಧವಾಗಿ ಚರ್ಚೆ ಮಾಡಿದ್ದೆ. ಎರಡು ಸಲವೂ ಬಹುಮಾನವಾಗಿ ಸಿಕ್ಕಿದ್ದು ಸ್ಟೀಲ್ ಲೋಟ. ಹಾಗಾಗಿ ಎರಡೂ ಕಡೆಯವರು ಹೇಳುವ ಸುಳ್ಳುಗಳು ನನಗೆ ಚೆನ್ನಾಗಿ ಗೊತ್ತಿದ್ದವು.

ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಉದ್ಯೋಗ ಮೇಳ ಎಂದರು. ಮೇಳಕ್ಕೆ ನಮ್ಮನ್ನು ತಯಾರು ಮಾಡಲು ಬೆಂಗಳೂರಿನಿಂದ ಒಬ್ಬರು ಬಂದರು. ಅಂಗಿಯ ಇಸ್ತ್ರಿ ಗೆರೆ ಹೇಗಿರಬೇಕು, ಬೂಟು ಎಷ್ಟು ಹೊಳೆಯಬೇಕು, ಬೆಲ್ಟಿನ ಬಣ್ಣ ಬೂಟಿನ ಬಣ್ಣಕ್ಕೆ ಯಾಕೆ ಹೊಂದಬೇಕು ಎಂದು ಇಡೀ ಬೆಳಗ್ಗೆ ಹೇಳಿದರು. ಕೋಟು ಹಾಕಿಕೊಂಡರೆ ಇನ್ನೂ ಒಳ್ಳೆಯದಂತೆ.

"ನೀವು ಬಾಯಿ ಬಿಡೋ ಮುಂಚೆನೇ ಅವರು ಡಿಸೈಡ್ ಮಾಡಿರ್ತಾರೆ" ಎಂದರು.

ನಾನು ಎದ್ದು ನಿಂತೆ. "ಹಾಗಾದ್ರೆ ಇಂಟರ್‌ವ್ಯೂ ಯಾಕೆ ಸರ್? ಫೋಟೋ ಕಳಿಸಿದ್ರೆ ಸಾಕಲ್ಲ?"

ಹಿಂದಿನ ಬೆಂಚುಗಳು ನಕ್ಕವು. ಅವರೂ ನಕ್ಕರು. ಅದು ಕನ್ನಡಿ ಮುಂದೆ ಅಭ್ಯಾಸ ಮಾಡಿದ ನಗು. "ಈ ಆಟಿಟ್ಯೂಡೇ ನೋಡಿ ಪ್ರಾಬ್ಲಮ್ಮು."

"ನಾನು ಪ್ರಶ್ನೆ ಕೇಳ್ದೆ ಸರ್. ಉತ್ತರ ಇನ್ನೂ ಬಂದಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ನಮ್ಮ ಮೇಷ್ಟ್ರು, "ಕೂತ್ಕೊಳ್ಳೋ, ಇದು ಡಿಬೇಟ್ ಅಲ್ಲ" ಎಂದು ಗದರಿದರು. ಕೂತೆ.

ಆ ಮೇಳದಲ್ಲಿ ನನಗೆ ಕೆಲಸ ಬೇಕೇ ಬೇಕಿತ್ತು. ನನ್ನ ಅಪ್ಪ ಮಾರನಹಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆದುಕೊಂಡು, ಸಂಜೆ ಬಂಗಲೆಗೆ ಹೋಗಿ ದಿನದ ಕೆಲಸ ಒಪ್ಪಿಸಬೇಕಿತ್ತು. ಬಂಗಲೆಯ ಮೆಟ್ಟಿಲ ಬುಡ ಬಂದ ಕೂಡಲೇ ಅಪ್ಪ ಚಪ್ಪಲಿ ಬಿಡುತ್ತಿದ್ದ. ಎತ್ತಿ ಕಟ್ಟಿದ್ದ ಪಂಚೆಯನ್ನು ಪಾದದವರೆಗೆ ಇಳಿಬಿಡುತ್ತಿದ್ದ. ಆಮೇಲೆ ಮೆಟ್ಟಿಲ ಕೆಳಗೇ ನಿಂತು ಮಾತು. ಜಗಲಿಯ ಕುರ್ಚಿಯಲ್ಲಿ ಕೂತ ಸಾಹುಕಾರ ಅಪ್ಪನಿಗಿಂತ ಚಿಕ್ಕವನು, ಆದರೂ ಅಪ್ಪನನ್ನು ಕರೆಯುತ್ತಿದ್ದದ್ದು "ಏಯ್" ಎಂದು. ಇಲ್ಲಿ ನಾನೂ ಅವನಿಗೆ ಬಹುವಚನ ಖರ್ಚು ಮಾಡುವುದಿಲ್ಲ.

ಅದೇ ಎಸ್ಟೇಟಿಗೆ ಇನ್ನೊಬ್ಬ ರೈಟರ್ ಬೇಕಾಗಿತ್ತು. ಅಪ್ಪ ಆಗಲೇ ನನ್ನ ವಿಷಯ ಸಾಹುಕಾರನ ಕಿವಿಗೆ ಹಾಕಿದ್ದ. "ಮೇಳದಲ್ಲಿ ಸಿಕ್ರೆ ಹೋಗು. ಇಲ್ದಿದ್ರೆ ಕಾಫಿ ಕುಯ್ಲಿಗೆ ಮುಂಚೆ ಬಂದು ಸಾವ್ಕಾರ್ರನ್ನ ಕಾಣು" ಎಂದಿದ್ದ. ಆ ಮೆಟ್ಟಿಲ ಕೆಳಗೆ ನಾನೂ ಹೋಗಿ ನಿಲ್ಲಬಾರದು. ನನಗಿದ್ದ ಆಸೆ ಅಷ್ಟೇ.

ಇನ್ನು ಕೋಟಿನ ಸಂಗತಿ. ನಮ್ಮಲ್ಲಿ ಯಾರಿಗೂ ಕೋಟು ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಮಾತ್ರ ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು, ಕುತ್ತಿಗೆಗೆ ಎಲಾಸ್ಟಿಕ್‌ನಿಂದ ಸಿಕ್ಕಿಸುವ ಒಂದು ಕೆಂಪು ಟೈ ನೇತಾಡುತ್ತಿದ್ದವು. ಅರ್ಜಿಗೆ ಅಂಟಿಸುವ ಫೋಟೋಕ್ಕಾಗಿ ಇಡೀ ಕ್ಲಾಸು ಅಲ್ಲಿ ಸಾಲು ನಿಂತಿತು. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಅವನ ಬೆವರಿನ ಸಮೇತ ತೊಡುತ್ತಿದ್ದ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಕುಂದೂರಿನ ಗೆಳೆಯ ಕೋಟಿನೊಳಗೆ ಕೈ ತೂರಿಸುತ್ತಾ ಕರೆದ: "ಬಾ ಮಾರಾಯ, ಹಾಕ್ಕಂಡು ನಿಂತ್ರೆ ಮುಗೀತು. ಕೋಟೇನು ಕಚ್ತೈತಾ?"

"ಕಚ್ಚೋ ಪ್ರಾಣಿ ಒಳಗೇ ಸತ್ತಂಗೈತೆ. ವಾಸನೆ ನೋಡು."

"ನಿನ್ ಬಾಯಿಗೆ ಜನ್ಮದಲ್ಲಿ ಕೆಲಸ ಸಿಕ್ಕಲ್ಲ ಕಣೋ."

"ಕೋಟಿಗೆ ಸಿಗ್ತೈತಲ್ಲ, ಇಂಟರ್‌ವ್ಯೂಗೆ ಅದನ್ನೇ ಕಳ್ಸು."

ನಾನು ನನ್ನ ನೀಲಿ ಚೌಕಳಿ ಅಂಗಿಯಲ್ಲೇ ಫೋಟೋ ತೆಗೆಸಿಕೊಂಡೆ.

ಮೇಳದ ದಿನ ಕಾಫಿ ತೋಟಗಳಿಗೆ ಔಷಧಿ ಮಾರುವ ಒಂದು ಕಂಪನಿಯ ಮುಂದೆ ಕೂತೆ. ಆ ಕಡೆ ಇಬ್ಬರು. ಹಿರಿಯರು ಅರ್ಜಿಗಳನ್ನೆಲ್ಲ ಇಸ್ಪೀಟು ಎಲೆಗಳಂತೆ ಮೇಜಿನ ಮೇಲೆ ಹರಡಿದ್ದರು. ಎಲ್ಲ ಫೋಟೋಗಳಲ್ಲೂ ಅದೇ ಕೋಟು, ಅದೇ ಕೆಂಪು ಟೈ, ಹಿಂದೆ ಅದೇ ಪರದೆ. ತಲೆಗಳು ಮಾತ್ರ ಬೇರೆ. ಕೋಟು ಕೆಲವರ ಹೆಗಲಿನಿಂದ ಜಾರುತ್ತಿತ್ತು, ಕೆಲವರ ಎದೆಯ ಮೇಲೆ ಬಿರಿಯುತ್ತಿತ್ತು.

"ಏನ್ರೀ ಇದು, ನಿಮ್ಮೂರಿಗೆಲ್ಲ ಒಂದೇ ಕೋಟಾ?" ಕಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೋಟು ಕೇಳಿದ್ದು ನಿಮ್ಮ ಕಡೆಯವರು ಸರ್. ಊರಲ್ಲಿ ಇದ್ದಿದ್ದು ಒಂದೇ."

ನಗು ನಿಂತಿತು. ಹಿರಿಯರು ನನ್ನ ಅರ್ಜಿ ಎತ್ತಿಕೊಂಡರು. "ನಿಮಗೆ ಮಾತ್ರ ಸಿಗ್ಲಿಲ್ವಾ?"

"ಸಿಕ್ತು. ಬೇಡ ಅಂದೆ. ನಿಮ್ಮ ಔಷಧಿ ಹೊಡೆಯೋದು ಕಾಫಿ ಗಿಡಕ್ಕೆ. ಗಿಡ ಟೈ ನೋಡಲ್ಲ."

"ಗಿಡ ಚೆಕ್ ಬರೆಯಲ್ಲ ಕಣ್ರೀ. ಬರೆಯೋದು ಓನರ್ರು. ಅವರು ನೋಡ್ತಾರೆ."

ಒಳ್ಳೆಯ ಏಟು. ಚರ್ಚಾಸ್ಪರ್ಧೆಯಾಗಿದ್ದರೆ ಅವರಿಗೆ ನಾನೇ ಅಂಕ ಕೊಡುತ್ತಿದ್ದೆ. ಆದರೆ ಸುಮ್ಮನಿರುವ ಅಭ್ಯಾಸ ನನಗಿಲ್ಲ. "ಹಾಗಾದ್ರೆ ನಿಮಗೆ ಬೇಕಾಗಿರೋದು ಔಷಧಿ ಗೊತ್ತಿರೋನಲ್ಲ. ಓನರ್ ಮುಂದೆ ಸರಿಯಾಗಿ ನಿಲ್ಲೋಕೆ ಗೊತ್ತಿರೋನು."

"ಹೌದು" ಎಂದು ಪೆನ್ನಿನ ಮುಚ್ಚಳ ಹಾಕಿದರು. ನಾಚಿಕೆಯೇನೂ ಇರಲಿಲ್ಲ. ನಮ್ಮನ್ನು ತಯಾರು ಮಾಡಲು ಬೆಂಗಳೂರಿನಿಂದ ಬಂದಿದ್ದವರಿಗೆ ಇಷ್ಟು ನೇರವಾಗಿ ಹೇಳುವ ಧೈರ್ಯವೂ ಇರಲಿಲ್ಲ.

ಕೆಲಸ ಕುಂದೂರಿನ ಗೆಳೆಯನಿಗೆ ಸಿಕ್ಕಿತು. ಅವರು ನಕ್ಕದ್ದೂ ಆ ಕೋಟು ನೋಡಿಯೇ, ಆರಿಸಿದ್ದೂ ಆ ಕೋಟನ್ನೇ.

"ಬಾಯಿ ಮುಚ್ಕಂಡಿದ್ರೆ ನಿಂಗೇ ಆಗ್ತಿತ್ತು. ಕೈ ತಪ್ಪೋಗ್ಬುಡ್ತು ನೋಡು" ಎಂದ, ಪಾಪ, ನಿಜವಾದ ಬೇಸರದಿಂದ.

"ಬಾಯಿ ಮುಚ್ಕಂಡಿರೋ ಕೆಲಸ ನಮ್ಮನೆ ಹತ್ರಾನೇ ಐತೆ ಬಿಡು" ಎಂದೆ.

ಕುಯ್ಲಿಗೆ ಮುಂಚೆ ಒಂದು ಸಂಜೆ ಅಪ್ಪನ ಜೊತೆ ಬಂಗಲೆಗೆ ಹೊರಟೆ. ಮಳೆ ನಿಂತಿದ್ದರೂ ತೋಟದ ದಾರಿಯಲ್ಲಿ ಕೆಸರು ಆರಿರಲಿಲ್ಲ. ನಮ್ಮ ಕಡೆ ಯಾರೇ ಆಗಲಿ ಮಾಡುವಂತೆ ಪ್ಯಾಂಟನ್ನು ಮೊಣಕಾಲ ಹತ್ತಿರದವರೆಗೆ ಮಡಚಿಕೊಂಡಿದ್ದೆ. ಮೆಟ್ಟಿಲ ಬುಡದಲ್ಲಿ ಅಪ್ಪ ಚಪ್ಪಲಿ ಬಿಟ್ಟ, ಪಂಚೆ ಇಳಿಬಿಟ್ಟ, ನನ್ನ ಕಾಲಿನ ಕಡೆ ಕಣ್ಣಲ್ಲೇ ಸನ್ನೆ ಮಾಡಿದ. ನಾನು ಚಪ್ಪಲಿ ಬಿಟ್ಟೆ, ಅಷ್ಟೇ.

ಸಾಹುಕಾರ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. "ಇವ್ನೇನಾ? ಭಾಷಣ ಮಾಡ್ತಾನಂತಲ್ಲ."

"ಹೂಂ ಸ್ವಾಮಿ" ಎಂದ ಅಪ್ಪ.

"ಪ್ಯಾಂಟ್ ಇಳಿಸೋಕೆ ಹೇಳು."

"ಯಾಕೆ ಸರ್?" ಎಂದೆ, ಕ್ಲಾಸಿನಲ್ಲಿ ಕೇಳಿದ್ದ ಅದೇ ದನಿಯಲ್ಲಿ.

ಇವನು ನಗಲಿಲ್ಲ. ನನಗೆ ಉತ್ತರ ಕೊಡುವ ಗೋಜಿಗೂ ಹೋಗದೆ ಅಪ್ಪನನ್ನೇ ನೋಡುತ್ತ ಕೂತ. ನನ್ನ ಮುಂದಿನ ವಾಕ್ಯ ತಯಾರಾಗಿತ್ತು. ಅಷ್ಟರಲ್ಲಿ ಅಪ್ಪ ಬಗ್ಗಿದ. ಒಂದನೇ ಕ್ಲಾಸಿಗೆ ಹೋಗುವಾಗ ಮಾಡುತ್ತಿದ್ದಂತೆ ನನ್ನ ಒಂದು ಕಾಲಿನ ಮಡಿಕೆ ಬಿಚ್ಚಿ, ಅಂಟಿದ್ದ ಮಣ್ಣು ಕೊಡವಿ, ಇನ್ನೊಂದಕ್ಕೆ ಕೈ ಹಾಕಿದ. ನಾನು ಮರದ ಹಾಗೆ ನಿಂತಿದ್ದೆ.

"ಸೋಮವಾರದಿಂದ ಬರ್ಲಿ" ಎಂದ ಸಾಹುಕಾರ, ಅಪ್ಪನಿಗೆ.

ವಾಪಸು ಬರುವಾಗ ಅಪ್ಪ ಮುಂದೆ ನಡೆಯುತ್ತಿದ್ದ. ಅರ್ಧ ದಾರಿಯಲ್ಲಿ ತಿರುಗಿ ನೋಡದೆ ಕೇಳಿದ: "ಯಾಕೆ ಅಂತ ಕೇಳ್ದಲ್ಲ, ಲೋಟ ಕೊಟ್ರೇನೋ?"

ಸೋಮವಾರ ನಾನು ಮನೆಯಿಂದಲೇ ಪ್ಯಾಂಟು ಇಳಿಬಿಟ್ಟುಕೊಂಡು ಹೊರಟೆ. ಇಸ್ತ್ರಿ ಮಾಡಿದ, ಮೇಳಕ್ಕೆ ಹಾಕಿದ್ದ ಅದೇ ಪ್ಯಾಂಟು. ಅದರ ಅಂಚು ಕೆಸರಿನಲ್ಲಿ ಎಳೆದಾಡಿ, ತೋಟ ದಾಟುವಷ್ಟರಲ್ಲಿ ಮೊಣಕಾಲವರೆಗೂ ಕೆಂಪಗಾಯಿತು.

"ಮಡಚ್ಕಳ್ಳೋ, ಹಾಳಾಗ್ತೈತೆ" ಎಂದ ಅಪ್ಪ.

"ಮಡಚಿದ್ರೆ ತಾನೆ ಇಳಿಸ್ಬೇಕು."

ಅಪ್ಪ ನನ್ನನ್ನೇ ಒಂದು ಗಳಿಗೆ ನೋಡಿ, ಮುಂದೆ ನಡೆದ.

ಜಗಲಿಯಿಂದ ಸಾಹುಕಾರ ಹುಬ್ಬು ಗಂಟಿಕ್ಕಿದ. "ಏನೋ ಇದು ಅವತಾರ? ಗದ್ದೇಲಿ ಬಿದ್ದಿದ್ಯಾ?"

"ಇಳಿಸೇ ಇದೆ ಸರ್" ಎಂದೆ.

ಅಪ್ಪ ಪಂಚೆ ಇಳಿಬಿಟ್ಟು ನನ್ನ ಪಕ್ಕ ನಿಂತಿದ್ದ. ಅವತ್ತು ಬಗ್ಗಲಿಲ್ಲ.