ಎಲ್ಲರಿಗೂ ಹೊಂದುವ ಮುಖ

ನನ್ನ ತಮ್ಮ ಊರಿನ ಫೋಟೋಗ್ರಾಫರ್. ಊರಿನವರು ಅವನನ್ನು ಕರೆಯುವುದು ‘ಒಂದ್ನಿಮಿಷ’ ಎಂದು. ಯಾರು ಎದುರಾದರೂ ಅವನ ಬಾಯಿಂದ ಬರುವ ಮೊದಲ ಮಾತೇ ಅದು. ಕ್ಷೌರದವನು ಕತ್ತರಿ ಎತ್ತಿದರೆ ಒಂದ್ನಿಮಿಷ, ದನಗಳು ನೀರಿಗೆ ಇಳಿದರೆ ಒಂದ್ನಿಮಿಷ, ಮನೆಯಲ್ಲಿ ನಾವು ಊಟಕ್ಕೆ ಕೂತು ತುತ್ತು ಎತ್ತಿದರೆ ಅದಕ್ಕೂ ಒಂದ್ನಿಮಿಷ. ತುತ್ತು ಕೈಯಲ್ಲೇ ಆರಿಹೋಗುತ್ತಿತ್ತು. ಮದುವೆಯಾಗಲು ಮಾತ್ರ ಅವನಿಗೆ ಆ ಒಂದು ನಿಮಿಷ ಸಿಗಲಿಲ್ಲ. ನನಗೂ ಸಿಗಲಿಲ್ಲ ಅನ್ನಿ. ಅವನು ಫೋಟೋ ತೆಗೆಯುವಾಗ ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿದು, ಕೂತವರ ಮುಖಕ್ಕೆ ಬೆಳಕು ತಿರುಗಿಸಲು ಒಬ್ಬರು ಬೇಕಿತ್ತಲ್ಲ, ಅದು ನಾನು.

ಸ್ಟುಡಿಯೋ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ದೊಡ್ಡ ಕಿಟಕಿ, ಒಂದು ಬೂದು ಪರದೆ, ಕೈಗಳಿಲ್ಲದ ಒಂದು ಕುರ್ಚಿ. ಫೋಟೋ ತೊಳೆಯುವ ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬು, ತಟ್ಟೆಗಳು, ಮೂಗಿಗೆ ಅಡರುವ ಹುಳಿ ವಾಸನೆ. ಊರಿನ ಒಂದು ಮುಖವೂ ಗುರುತಿಲ್ಲದೆ ಹೋಗಬಾರದು ಎಂಬುದು ಅವನ ಹಟ. ಮನೆಯವರನ್ನಂತೂ ಬಿಡುತ್ತಲೇ ಇರಲಿಲ್ಲ. ಅಪ್ಪ ಗೊರಕೆ ಹೊಡೆಯುವುದು, ಚಿಕ್ಕಪ್ಪ ಹಲ್ಲು ಕೀಳಿಸಿಕೊಂಡು ಬಂದದ್ದು, ಎಲ್ಲಕ್ಕೂ ಫೋಟೋ ಇದೆ.

ಇಲ್ಲದ್ದು ಅಮ್ಮನದು ಮಾತ್ರ. ಅಮ್ಮನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. “ನನ್ನ ಮೂತಿ ನೋಡಿ ಯಾರಿಗೇನಾಗ್ಬೇಕು? ಹೋಗೋ ಅತ್ತ,” ಎಂದು ಕೈ ಅಡ್ಡ ಹಿಡಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ತಮ್ಮ ಪೆಟ್ಟಿಗೆಗಳನ್ನೆಲ್ಲ ಸುರುವಿಕೊಂಡು ಹುಡುಕಿದ. ಒಂದರಲ್ಲಿ ಅವಳ ಅಂಗೈ, ಇನ್ನೊಂದರಲ್ಲಿ ಬೆನ್ನು, ಮತ್ತೊಂದರಲ್ಲಿ ಬಾಗಿಲ ಹಿಂದೆ ಸರಿಯುತ್ತಿರುವ ಶಾಲಿನ ಅಂಚು. ಅವನು ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡತೊಡಗಿದ.

“ಅಕ್ಕಾ, ಅಮ್ಮನ ಶಾಲು ಹೊದ್ಕೊಂಡು ಸ್ವಲ್ಪ ಕೂತ್ಕೋತೀಯಾ?”

ಕೂತೆ. ಕೂದಲಿಗೆ ಪೌಡರ್ ಹಾಕಿ ನರೆಸಿದ. ಕೆನ್ನೆಯೊಳಗೆ ಹತ್ತಿ ಇಟ್ಟ. ಗದ್ದ ಇಳಿಸು, ಎಡಕ್ಕೆ ವಾಲು, ಏನೋ ಮರೆತವಳ ಹಾಗೆ ನೋಡು ಎಂದ. ಕಾಗದ ತಟ್ಟೆಯಲ್ಲಿ ನೆನೆದು ಮುಖ ಮೂಡತೊಡಗಿದಾಗ ನಾನು ತಟ್ಟೆಯ ಮೇಲೆ ಬಾಗಿದೆ. ಅದು ಅಮ್ಮನೇ. ಚಿಕ್ಕಪ್ಪ ಅದನ್ನು ನೋಡಿ, “ಅತ್ತಿಗೆ ಯಾವಾಗ ಕೂತಿದ್ರು?” ಎಂದು ಕೇಳಿದರು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಗಿರಣಿಯವನು ಬಂದ, ಹೆಂಡತಿ ತೀರಿಹೋಗಿದ್ದಳು, ಫೋಟೋ ಇರಲಿಲ್ಲ. ದರ್ಜಿ ಹೆಂಗಸು ಬಂದಳು, ತಾಯಿಯ ಕೋಟು ಹಿಡಿದುಕೊಂಡು. ಹೋದವರ ಬಟ್ಟೆ ತೊಟ್ಟು ನಾನು ಕುರ್ಚಿಯಲ್ಲಿ. ಮನೆಯವರು ಕ್ಯಾಮೆರಾ ಪಕ್ಕ ನಿಂತು “ತುಟಿ ಇನ್ನೂ ಸ್ವಲ್ಪ ಬಿಗಿ, ಹಾಂ, ಹಾಗೇ, ಅಯ್ಯೋ ದೇವರೇ,” ಎನ್ನುವುದು. ಒಮ್ಮೆ ಮೇಷ್ಟರ ದೊಡ್ಡಪ್ಪನಿಗಾಗಿ ಮೀಸೆ ಅಂಟಿಸಿಕೊಂಡೂ ಕೂತಿದ್ದೇನೆ. ಅವತ್ತು ತಮ್ಮನೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮೇಷ್ಟರು ಮಾತ್ರ ಫೋಟೋ ಎದೆಗೊತ್ತಿಕೊಂಡು ಹೋದರು. ನಿನ್ನದು ಎಲ್ಲರಿಗೂ ಹೊಂದುವ ಮುಖ ಎಂದು ತಮ್ಮ ಹೊಗಳಿದ. ನಾನು ಉಬ್ಬಿಹೋದೆ. ಎಂಥ ಪೆದ್ದಿ ನಾನು!

ವರ್ಷಗಳು ಕಳೆದಂತೆ ಯಾರ ಮನೆಗೆ ಹೋದರೂ ಗೋಡೆಯ ಮೇಲಿಂದ ನಾನೇ ನನ್ನನ್ನು ನೋಡುತ್ತಿದ್ದೆ. ನಾನು ಹೊಸಿಲು ದಾಟಿದರೆ ಮಾತು ನಿಲ್ಲುತ್ತಿತ್ತು. ದರ್ಜಿ ಹೆಂಗಸು ನನ್ನ ಅಳತೆ ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹಿಟ್ಟು ಮಾಡಿಸಲು ಹೋದಾಗ ಗಿರಣಿಯವನು ಯಂತ್ರ ನಿಲ್ಲಿಸಿ, ಹತ್ತಿರ ಬಂದು ಮೆಲ್ಲಗೆ ಕೇಳಿದ:

“ಮೊಣಕಾಲು ನೋವು ಈಗ ಹೇಗಿದೆ?”

ನನಗೆ ಜನ್ಮದಲ್ಲಿ ಮೊಣಕಾಲು ನೋವು ಬಂದಿಲ್ಲ. ಪಾಪ, ಬೇಜಾರಾದೀತೆಂದು “ಪರವಾಗಿಲ್ಲ” ಎಂದು ಚೀಲ ಎತ್ತಿಕೊಂಡು ಹೊರಟೆ. ಅರ್ಧ ದಾರಿ ಬಂದ ಮೇಲೆ ನೋಡಿಕೊಂಡರೆ ನಾನು ಕುಂಟುತ್ತಿದ್ದೆ. ಇನ್ನು ಈ ಕೆಲಸ ಸಾಕು ಎಂದು ಅವತ್ತೇ ತಮ್ಮನಿಗೆ ಹೇಳಿಬಿಟ್ಟೆ.

ಈ ವರ್ಷ ಅವನಿಗೆ ಊರಿನವರೆಲ್ಲರ ಮುಖಗಳನ್ನು ಒಂದೇ ಕಡೆ ತೂಗುಹಾಕುವ ಹುಚ್ಚು ಹತ್ತಿತು. ಶಾಲೆಯವರು ದೊಡ್ಡ ಕೋಣೆ ಬಿಟ್ಟುಕೊಟ್ಟರು. ಬದುಕಿರುವವರ ಗೋಡೆ ಒಂದು, ಹೋದವರ ಗೋಡೆ ಇನ್ನೊಂದು. ಬದುಕಿರುವವರ ಗೋಡೆಯಲ್ಲಿ ನನ್ನದೆಲ್ಲಿ ಎಂದು ಕೇಳಿದೆ. ಅವನು ಪೆಚ್ಚಾದ. ನಾನಾಗಿ ನಾನು ಕೂತ ಒಂದು ಫೋಟೋ ಆ ಪೆಟ್ಟಿಗೆಗಳಲ್ಲಿ ಎಲ್ಲೂ ಇರಲಿಲ್ಲ. ಯಾವಾಗಲೂ ಬಿಳಿ ಬಟ್ಟೆಯ ಹಿಂದೆ ಇದ್ದೆನಲ್ಲ. ನನಗೆ ಪಿತ್ತ ನೆತ್ತಿಗೇರಿತು.

“ದನಕ್ಕೂ ಜಾಗ ಕೊಟ್ಟಿದ್ದೀಯ. ನಾನೂ ಇದ್ದೆ ಅನ್ನೋದಕ್ಕೆ ನನಗೊಂದು ಬೇಕು. ಈಗಲೇ ತೆಗಿ.”

ನನ್ನದೇ ಬಟ್ಟೆಯಲ್ಲಿ, ಪೌಡರ್ ಇಲ್ಲದೆ, ಹತ್ತಿ ಇಲ್ಲದೆ ಕೂತೆ. ಅವನು ಕ್ಯಾಮೆರಾದಲ್ಲಿ ಕಣ್ಣಿಟ್ಟು ತಲೆಯಾಡಿಸಿದ. “ಕತ್ತು ಹಾಗೆ ಬೇಡ, ಅದು ಗಿರಣಿಯವನ ಹೆಂಡತಿದು.” ತಿರುಗಿಸಿದೆ. “ಅದು ದರ್ಜಿಯವಳ ಅಮ್ಮ.” ನಕ್ಕೆ. “ನಗಬೇಡ, ಮೀಸೆ ಕಾಣುತ್ತೆ.” ಬಾಯಿಗೆ ಬಂದಂತೆ ಬೈದೆ. ಆದರೆ ನನ್ನ ಹಾಗೆ ಕೂರುವುದು ಹೇಗೆಂದು ನನಗೂ ತಿಳಿಯಲಿಲ್ಲ. ಕೈಯನ್ನು ಎಲ್ಲಿಟ್ಟರೂ ಅದು ಯಾರದೋ ಕೈಯಾಗುತ್ತಿತ್ತು. ಕಡೆಗೆ ಅವನು ಕ್ಯಾಮೆರಾದ ಗುಂಡಿ ಒತ್ತಿ, ಸ್ಟೂಲಿನ ಮೇಲೆ ಕುಸಿದು ಹೇಳಿದ:

“ಅಕ್ಕಾ, ಅಮ್ಮನ ನಿಜವಾದ ಮುಖ ನನಗೆ ನೆನಪಿಲ್ಲ ಕಣೇ. ಆ ಫೋಟೋ ತೆಗೆದ ಮೇಲೆ ಅದೇ ಬರುತ್ತೆ. ನಿನಗೆ ನೆನಪಿದೆಯಾ?”

ನೆನಪು ಮಾಡಿಕೊಳ್ಳಲು ನೋಡಿದೆ. ಕೆನ್ನೆಯಲ್ಲಿ ಹತ್ತಿಯ ರುಚಿ ಬಂತು, ಅಷ್ಟೇ. ಭಯವಾಯಿತು. ನೆನಪಿದೆ ಎಂದು ಸುಳ್ಳು ಹೇಳಿದೆ.

ಫೋಟೋ ಗೋಡೆಗೇರಿತು. ಕೆಳಗೆ ‘ನನ್ನ ಅಕ್ಕ’ ಎಂದು ಅವನ ಕೈಯಲ್ಲೇ ಚೀಟಿ ಬರೆಸಿ ಅಂಟಿಸಿದೆ. ಮಾರನೆಯ ದಿನ ಯಾರೋ ಅದನ್ನು ಹೊಡೆದುಹಾಕಿ ‘ಗಿರಣಿಯವನ ಮನೆಯವಳು’ ಎಂದು ಬರೆದಿದ್ದರು. ಕಿತ್ತು ಹೊಸದು ಅಂಟಿಸಿದೆ. ಆಮೇಲೆ ‘ನಮ್ಮ ತಾಯಿ’ ಎಂದಾಯಿತು. ಪಾಪ, ಅವರು ಕೀಟಲೆಗೆ ಬರೆದದ್ದಲ್ಲ. ತಪ್ಪು ಗೋಡೆಗೆ ಬಂದುಬಿಟ್ಟಿದೆ ಎಂದು ತಿದ್ದುತ್ತಿದ್ದರು. ನಾನು ಅಂಟಿನ ಡಬ್ಬಿ ಹಿಡಿದುಕೊಂಡೇ ಓಡಾಡತೊಡಗಿದೆ. ಊರು ಏನಾದರೂ ಅಂದುಕೊಳ್ಳಲಿ, ನನ್ನನ್ನು ಬಲ್ಲವನು ಮನೆಯಲ್ಲೇ ಇದ್ದಾನಲ್ಲ ಎಂಬ ಧೈರ್ಯ ಒಂದಿತ್ತು.

ಪ್ರದರ್ಶನದ ಕೊನೆಯ ದಿನ ಮಧ್ಯಾಹ್ನ ಹೋದಾಗ ಕೋಣೆ ಖಾಲಿ. ತಮ್ಮ ಒಬ್ಬನೇ ನಿಂತಿದ್ದ. ಬದುಕಿರುವವರ ಗೋಡೆಯಲ್ಲಿ ನನ್ನ ಜಾಗದಲ್ಲಿ ಬರೀ ಮೊಳೆ. ಫೋಟೋ ಎದುರಿನ ಗೋಡೆಯಲ್ಲಿತ್ತು, ಕೆಳಗೆ ‘ಅಮ್ಮ’ ಎಂಬ ಚೀಟಿ. ಅಕ್ಷರ ಅವನದೇ. ಶಾಯಿ ಇನ್ನೂ ಒದ್ದೆಯಿತ್ತು.

“ಏನೋ ಇದು?” ಎಂದೆ.

ಅವನು ತಿರುಗಿ ನೋಡಿದ. ಅಮ್ಮ ಹೋದ ಮೇಲೆ ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ.

“ನೋಡು, ಕೊನೆಗೂ ನೀನು ಕೈ ಅಡ್ಡ ಹಿಡಿಯದೆ ಕೂತೆ,” ಎಂದ. “ಎಷ್ಟು ಚೆನ್ನಾಗಿ ಬಂದಿದೆ! ಅಕ್ಕ ಎಲ್ಲಿ? ಅವಳಿಗೂ ತೋರಿಸ್ಬೇಕಿತ್ತು.”

ನಾನೇ ಕಣೋ ಎಂದು ಕಿರುಚಬೇಕೆನಿಸಿತು. ಭುಜ ಹಿಡಿದು ಅಲುಗಾಡಿಸಬೇಕೆನಿಸಿತು. ಅವನು ನನ್ನ ಉತ್ತರಕ್ಕೆ ಕಾಯುತ್ತ, ಸಣ್ಣವನಿದ್ದಾಗ ನೋಡುತ್ತಿದ್ದ ಹಾಗೆ ನೋಡುತ್ತಿದ್ದ.

“ಬರ್ತಾಳೆ ಬಿಡು ಮಗಾ,” ಎಂದೆ. “ನೀನು ನಡಿ, ಊಟ ಆರ್ತಿದೆ.”