ಸೋಲಿಸಿದ ವಕೀಲನ ಮನೆಗೇ ಹೋದ ಮಲ್ಕಪ್ಪ

ಇಜೇರಿಯ ಮಲ್ಕಪ್ಪನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನ ಮನೆ ಅಜ್ಜನ ಕಾಲದಿಂದ ಪಾಲಾಗಿರಲಿಲ್ಲ. ಇನ್ನೊಂದು, ಕೋರ್ಟು ಕಚೇರಿಯ ವ್ಯವಹಾರ ತನ್ನಷ್ಟು ಊರಲ್ಲಿ ಯಾರಿಗೂ ತಿಳಿಯದು ಎಂಬುದು. ಮೊದಲನೆಯದು ನಿಜ. ಎರಡನೆಯದು ಬರೀ ಬಡಾಯಿ. ಪಕ್ಕದ ಹೊಲದ ಹುಲೆಪ್ಪನ ಮೇಲೆ ಬಂಡಿದಾರಿಗಾಗಿ ಅವನು ಜನ್ಮದಲ್ಲಿ ಒಂದೇ ದಾವೆ ಹೂಡಿದ್ದ, ಅದರಲ್ಲೂ ಮಣ್ಣು ಮುಕ್ಕಿದ್ದ.

ಅವನ ಒಬ್ಬಳೇ ಮಗಳು ಭಾಗಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದು ಹಳ್ಳದ ದಂಡೆಯ ಹೊಲವನ್ನು ಮೈಮುರಿದು ಹಸನು ಮಾಡಿದ್ದಳು. ಮಲ್ಕಪ್ಪನ ಸತ್ತ ಅಣ್ಣನ ಮಗ ಧರ್ಮಣ್ಣನೂ ಅದೇ ಮನೆಯಲ್ಲಿದ್ದ. ತನ್ನ ಹಿಂದೆ ಆ ಹೊಲ ಭಾಗಮ್ಮನಿಗೆ ಸೇರಬೇಕೆಂದು ಮಲ್ಕಪ್ಪನಿಗೆ ಆಸೆಯಿತ್ತು. ಆಸೆ ಒಳ್ಳೆಯದೇ. ಅದಕ್ಕೊಂದು ವಸೀಯತ್‌ನಾಮಾ, ಅಂದರೆ ಉಯಿಲು, ಬರೆಸಲು ವಕೀಲನನ್ನು ಹುಡುಕಿ ಹೊರಟ.

ಜೇವರ್ಗಿಯಲ್ಲಿ ಮಲ್ಲಣ್ಣ ವಕೀಲರೆಂದು ಒಬ್ಬರಿದ್ದರು. ಚಾಪೆಯ ಮೇಲೆ ಕೂತು, ಮೆಲ್ಲಗೆ ಕನ್ನಡದಲ್ಲೇ ಮಾತಾಡುವವರು. ಎಲ್ಲ ಕೇಳಿ ಅವರು ಹೇಳಿದರು: "ಮಲ್ಕಪ್ಪಾ, ಹೊಲ ಹಿರೇರದು. ಪಾಲಾಗದ ಹೊಲ ನೀವು ಮಗಳಿಗೆ ಬರದ್ರ ಆ ಕಾಗದ ನಿಲ್ಲಂಗಿಲ್ಲ. ಮೊದಲ ಧರ್ಮಣ್ಣನ ಜೋಡಿ ಪಾಲು ಮಾಡ್ಕೊಳ್ರಿ. ನಿಮ್ಮ ಪಾಲಿಗೆ ಬಂದದ್ದು ನಿಮ್ಮದು, ಬೇಕಾದವರಿಗೆ ಬರೀರಿ."

"ಪಾಲೇನ್ರಿ? ಮಲ್ಕಪ್ಪ ಮನಿ ಒಡದ ಅಂತ ಊರ ಮಂದಿ ಮಾರಿಗೆ ಉಗುಳ್ತಾರ್ರಿ!"

"ಹಂಗಾರ ನನ್ನ ಕಡಿಂದ ಆಗಂಗಿಲ್ರಿ."

ಆಗದು ಎನ್ನುವವನು ವಕೀಲನೇ ಅಲ್ಲ ಎಂದು ಮಲ್ಕಪ್ಪ ತೀರ್ಮಾನಿಸಿದ. ನಮ್ಮ ಕಡೆಯ ಮಂದಿಗೆ ವಕೀಲನನ್ನು ಆರಿಸುವ ಒಂದು ಪದ್ಧತಿಯುಂಟು. ತನ್ನ ಪರ ನಿಂತವನನ್ನು ಯಾರೂ ನಂಬುವುದಿಲ್ಲ. ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸಿದವನೇ ಖರೆ ವಕೀಲ. ಬಂಡಿದಾರಿಯ ದಾವೆಯಲ್ಲಿ ಹುಲೆಪ್ಪನ ಪರ ನಿಂತು ಮಲ್ಕಪ್ಪನನ್ನು ತುಂಬಿದ ಕೋರ್ಟಿನಲ್ಲಿ ಸುಳ್ಳ ಎಂದವರು ಅಫಜಲಪುರದ ಗುಂಡೇರಾಯರು. ಮಲ್ಕಪ್ಪ ಭೀಮಾ ನದಿ ದಾಟಿ ಅವರ ಮನೆಗೇ ಹೋದ. ಬೈಸಿಕೊಂಡವನಿಗೆ ಬೈದವನ ಮೇಲೆ ಅಷ್ಟು ಭಕ್ತಿ!

ಗುಂಡೇರಾಯರು ಶೇರ್ವಾನಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಮಲ್ಲಣ್ಣ ವಕೀಲರು ಹೀಗೆ ಹೀಗೆ ಅಂದರು ಎಂದು ಮಲ್ಕಪ್ಪ ಅಂಜುತ್ತಲೇ ಹೇಳಿದ. ರಾಯರು ಕೈ ಬೀಸಿ ನಕ್ಕರು.

"ಕಾಗದ ಬರಿಯಾಂವ ನಾನು. ಜೇವರ್ಗಿ ಮಾತು ಇಲ್ಲ್ಯಾಕ?"

ಇದಲ್ಲವೇ ಮಲ್ಕಪ್ಪ ಕೇಳಬಯಸಿದ್ದ ಮಾತು! ರಾಯರು ಬರೆದದ್ದನ್ನು ಆಗಿನ ಕೋರ್ಟಿನ ಭಾಷೆಯಾದ ಉರ್ದುವಿನಲ್ಲಿ ಗಟ್ಟಿಯಾಗಿ ಓದಿದರು. ನಮ್ಮ ಮಲ್ಕಪ್ಪನಿಗೆ ತಿಳಿದದ್ದು ತನ್ನ ಹೆಸರು ಮಾತ್ರ. ಆದರೂ ಓದು ಮುಗಿಯುವ ತನಕ ಮೌಲ್ವಿಯಂತೆ ತಲೆದೂಗಿ ಹೆಬ್ಬೆಟ್ಟು ಒತ್ತಿ ಬಂದ.

ಊರಿಗೆ ಬಂದು ಆ ಕಾಗದವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿದ. ಮನೆಯೂ ಒಡೆಯಲಿಲ್ಲ, ಮಗಳಿಗೂ ಹೊಲ ಆಯಿತು, ಹೇಗಿದೆ ನನ್ನ ಬುದ್ಧಿ ಎಂದು ಮೀಸೆ ತಿರುವಿದ.  ಧರ್ಮಣ್ಣ ಮಾತ್ರ ಸದ್ದಿಲ್ಲದೆ ಜೇವರ್ಗಿಗೆ ಹೋಗಿ ಮಲ್ಲಣ್ಣ ವಕೀಲರನ್ನು ಕೇಳಿ ಬಂದಿದ್ದ. ಅಂದಿನಿಂದ ಕಾಕಾನ ಸೇವೆಯನ್ನು ಇನ್ನಷ್ಟು ಭಕ್ತಿಯಿಂದ ಮಾಡತೊಡಗಿದ. ಪಕ್ಕದ ಮನೆಯವಳಾದ ನನಗೆ ಆಗಲೇ ಅನುಮಾನ ಬಂದು ಮಲ್ಕಪ್ಪನಿಗೆ ಹೇಳಿದರೆ, "ನಿನಗೇನ್ ತಿಳಿತದ ಕಾಯ್ದೆ, ಸುಮ್ಮನ ಕೂಡ್ ಬೇ ಗಂಗೂಬಾಯಿ" ಎಂದು ನನ್ನ ಬಾಯಿ ಮುಚ್ಚಿಸಿದ.

ಮಲ್ಕಪ್ಪ ಸತ್ತ. ದಿನಕರ್ಮ ಮುಗಿಯುತ್ತಲೇ ಧರ್ಮಣ್ಣ ಹಳ್ಳದ ಹೊಲಕ್ಕೆ ತನ್ನ ಎತ್ತು ಹೊಡೆದ. ಭಾಗಮ್ಮ ಕೆಂಪು ಗಂಟು ಹಿಡಿದು ಅಫಜಲಪುರಕ್ಕೆ ಓಡಿದಳು. ಜೊತೆಗೆ ನಾನೂ ಹೋಗಿದ್ದೆ. ಗುಂಡೇರಾಯರು ಕಾಗದವನ್ನು ಬಿಚ್ಚಿಯೂ ನೋಡಲಿಲ್ಲ.

"ಪಾಲಾಗದ ಹೊಲ ಮನ್ಯಾಗ ಉಳಿದ ಗಂಡಸಿಗೆ, ಧರ್ಮಣ್ಣಗ ಹೋಗ್ತದ."

"ಮತ್ತ ನೀವ ಬರದೀರಲ್ರೀ!"

"ನಿಮ್ಮಪ್ಪ ಕಾಗದ ಕೇಳ್ದ, ಕಾಗದ ಬರದ ಕೊಟ್ಟೆ. ಹೊಲ ಕೊಡ್ತೇನಿ ಅಂದಿನೇನು?"

ಥೂ, ಇವನ ವಕೀಲಿಗಿಷ್ಟು ಬೆಂಕಿ ಹಚ್ಚ!  ಆದರೆ ಅಂದದ್ದರಲ್ಲಿ ಸುಳ್ಳಿರಲಿಲ್ಲ. ಮೋಸ ಮಾಡುವವನನ್ನು ನದಿ ದಾಟಿ ಹುಡುಕಿಕೊಂಡು ಹೋದವನು ನಮ್ಮ ಮಲ್ಕಪ್ಪನೇ.

ಆ ವರ್ಷದ ಸುಗ್ಗಿಯಲ್ಲಿ ಭಾಗಮ್ಮ ಅದೇ ಹೊಲದಲ್ಲಿ ಕೂಲಿಗೆ ಜೋಳ ಕೊಯ್ಯುತ್ತಿದ್ದಳು. ಸಮಾಧಾನಕ್ಕೆಂದು ನಾನು, "ಏನ ಆಗಲಿ, ನಿಮ್ಮಪ್ಪಗ ನಿನ್ನ ಮ್ಯಾಲ ಜೀವ ಇತ್ತು ಬೇ" ಅಂದೆ.

"ಇತ್ತು ಬಿಡು. ಅದಕ್ಕಿಂತ ಹೆಚ್ಚಿಂದು ಊರ ಮಂದಿ ಮಾತಿನ ಮ್ಯಾಲ ಇತ್ತು" ಅಂದಳು, ಕುಡಗೋಲು ನಿಲ್ಲಿಸದೆ.

ಒಡ್ಡಿನ ಮೇಲಿಂದ ಧರ್ಮಣ್ಣ ಕೂಗಿದ: "ಏ ಭಾಗಮ್ಮ, ಮಾತು ಸಾಕು, ಸಾಲು ಹಿಂದ ಬಿತ್ತು!"

ಆ ಹುಡುಗನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

"ಬಂದೆ ಸಾವಕಾರ್ರ" ಅಂದು ಭಾಗಮ್ಮ ಬಗ್ಗಿದಳು.