ಗೆದ್ದಲು ಹಿಡಿಯದ ಮಂಚ

ನನ್ನ ಅಕ್ಕ ಇಪ್ಪತ್ತೈದು ವರ್ಷ ಸರ್ಕಾರಿ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವಳು. ಈಗ ಶಿಕ್ಷಣ ಕಚೇರಿಯ ಉಗ್ರಾಣದಲ್ಲಿ ಕೂತು ಸೀಮೆಸುಣ್ಣದ ಡಬ್ಬಿ ಎಣಿಸುತ್ತಾಳೆ. ಯಾಕೆ ಅಂತ ಕೇಳಿದವರಿಗೆ ಹೆಡ್‌ಮೇಷ್ಟ್ರು, "ಆಯಮ್ಮನಿಗೆ ಪಾಠ ಮಾಡೋಕೆ ಬರಲ್ಲ" ಅನ್ನುತ್ತಾರಂತೆ. ಆ ಬಾಯಿಗೆ ಹುಳ ಬೀಳ.

ಚಿಕ್ಕಂದಿನಲ್ಲಿ ಅಪ್ಪ ಅವಳಿಗಿಟ್ಟ ಅಡ್ಡಹೆಸರು ಪ್ರಶ್ನೆಪತ್ರಿಕೆ. ಉಣ್ಣುವಾಗಲೂ ಪ್ರಶ್ನೆ, ಮಲಗುವಾಗಲೂ ಪ್ರಶ್ನೆ. ಕೆಳಬೀದಿಯ ಮನೆಗಳೆಲ್ಲ ಯಾಕೆ ಪಾಳುಬಿದ್ದಿವೆ ಅಂತ ಒಮ್ಮೆ ಕೇಳಿ ಕಪಾಳಕ್ಕೆ ತಿಂದಳು. ಮದುವೆ ಮಾಡಿಕೊಳ್ಳಲಿಲ್ಲ. ಶಾಲೆ, ಮನೆ, ಅಮ್ಮನ ಕಾಲುನೋವು, ನನ್ನ ಹೆಂಡತಿಯ ಜೊತೆ ಆಗಾಗ ಒಂದಿಷ್ಟು ಜಗಳ, ಇಷ್ಟೇ ಅವಳ ಪ್ರಪಂಚ. ನಾನು ಬಡಗಿ. ಮನೆಯ ಮುಂಗೋಣೆಯೇ ನನ್ನ ಅಂಗಡಿ. ಸಂಜೆ ಅವಳು ಮರದ ಹೊಟ್ಟಿನ ನಡುವೆ ಸ್ಟೂಲು ಎಳೆದುಕೊಂಡು ಕೂತು ಮಕ್ಕಳ ಉತ್ತರ ತಿದ್ದುತ್ತಿದ್ದಳು.

ಕೆಳಬೀದಿಯ ವಿಷಯ ಊರಿಗೆಲ್ಲ ಗೊತ್ತು, ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ. ಐವತ್ತು ವರ್ಷದ ಹಿಂದೆ ಅಲ್ಲಿದ್ದವರನ್ನೆಲ್ಲ, ಅವರು ಹುಟ್ಟಿದ ಕುಲ ಬೇರೆ ಎಂಬ ಒಂದೇ ಕಾರಣಕ್ಕೆ, ಕಲ್ಲುಕ್ವಾರಿಗೆ ನಡೆಸಿಕೊಂಡು ಹೋಗಿ ಕೊಂದರು. ಇಲ್ಲಷ್ಟೇ ಅಲ್ಲ, ದೇಶದ ತುಂಬ. ಹೋದ ವರ್ಷ ಸರ್ಕಾರಕ್ಕೆ ಜ್ಞಾನೋದಯವಾಗಿ ಆ ನರಮೇಧದ ಬಗ್ಗೆ ಎಂಟನೇ ತರಗತಿಗೆ ಒಂದು ಪಾಠ ಸೇರಿಸಿತು. ಒಂದೂವರೆ ಪುಟ. "ಅನೇಕರು ಪ್ರಾಣ ಕಳೆದುಕೊಂಡರು" ಅಂತ ಬರೆದಿದೆ, ಬಸ್ಸಿನಲ್ಲಿ ಕೊಡೆ ಕಳೆದುಕೊಂಡ ಹಾಗೆ. ಕೊಂದವರ ಸುದ್ದಿಯೇ ಇಲ್ಲ. ಕೆಳಗೆ, ಬಿಟ್ಟ ಸ್ಥಳ ತುಂಬಿರಿ.

ಅಕ್ಕ ಆ ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಮಕ್ಕಳಿಗೆ ಮನೆಗೆಲಸ ಕೊಟ್ಟಳು. ನಿಮ್ಮ ಮನೆಯಲ್ಲಿರುವ ಅತಿ ಹಳೆಯ ಸಾಮಾನು ಯಾವುದು, ಅದು ಎಲ್ಲಿಂದ ಬಂತು, ಹಿರಿಯರನ್ನು ಕೇಳಿಕೊಂಡು ಬನ್ನಿ.

"ಇಷ್ಟೇನಾ?" ಅಂದೆ ನಾನು.

"ಇಷ್ಟೇ. ಕೊಲ್ಲೋಕೆ ಬಂದವರು ಒಂದು ಲಾರಿ ಜನ ಕಣೋ. ಆಮೇಲೆ ಅವರ ಸಾಮಾನೆಲ್ಲ ಹೊತ್ಕೊಂಡು ಹೋದವರು ಯಾರು? ಅದು ಪುಸ್ತಕದಲ್ಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮರುವಾರದಿಂದ ನನ್ನ ಅಂಗಡಿಯ ಮುಂದೆ ಜನವೋ ಜನ. ವರ್ಷಗಟ್ಟಲೆ ಒಂದು ಕುರ್ಚಿಯ ಕಾಲು ಸರಿಮಾಡಿಸದವರು ಕೈಗಾಡಿಯಲ್ಲಿ ಬೀರು, ಪೆಟ್ಟಿಗೆ, ತೊಟ್ಟಿಲು ಹೇರಿಕೊಂಡು ಬಂದರು. ಎಲ್ಲರದೂ ಒಂದೇ ರಾಗ: ಗೆದ್ದಲು ಹಿಡಿದಿದೆ, ಸ್ವಲ್ಪ ಉಜ್ಜಿಕೊಡು. ನೋಡಿದರೆ ಗೆದ್ದಲಿನ ಸುಳಿವೇ ಇಲ್ಲ. ಮೊಳೆಯಿಲ್ಲದೆ ಕೂಡಿಸಿದ ಮರ, ನನ್ನಿಂದ ಏಳು ಜನ್ಮಕ್ಕೂ ಆಗದ ಕೆಲಸ. ಒಳಬದಿಯಲ್ಲಿ ಉಳಿಯಿಂದ ಕೊರೆದ ಹೆಸರುಗಳು, ಎಲ್ಲವೂ ಕೆಳಬೀದಿಯವರವು. ಶಾಲಾ ಸಮಿತಿಯ ಅಧ್ಯಕ್ಷರಂತೂ ತಮ್ಮ ಬೀರುವಿಗೆ ಹೊದಿಕೆ ಹೊದಿಸಿ ತಂದಿದ್ದರು.

"ಈ ಗೆದ್ದಲಿಗೆ ಅಕ್ಷರ ಬರುತ್ತೆ ಸಾರ್," ಅಂದೆ.

"ಅದೆಲ್ಲ ನಿನಗ್ಯಾಕಪ್ಪಾ? ಉಜ್ಜು ಅಂದ್ರೆ ಉಜ್ಜು."

ನನ್ನ ಕೈಯಲ್ಲಾಗದು ಎಂದು ಗಾಡಿ ತಿರುಗಿಸಿ ಕಳಿಸಿದೆ, ಎಲ್ಲರನ್ನೂ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ನಗು ಬರುತ್ತದೆ. ಇವರು ಕಣ್ಣು ತೆರೆದುಕೊಂಡೇ ಕುಡಿದು, ಐವತ್ತು ವರ್ಷದ ಮೇಲೆ ಮೀಸೆ ಒರೆಸಿಕೊಡು ಅಂತ ನನ್ನ ಹತ್ತಿರ ಬರುತ್ತಾರೆ. ಥೂ.

ಅದೇ ಅಧ್ಯಕ್ಷರು ಹೆಡ್‌ಮೇಷ್ಟ್ರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಕ್ಕನಿಗೆ ತಾಕೀತು ಮಾಡಿದರು. ಸೋಮವಾರ ಮಕ್ಕಳ ಮುಂದೆ ನಿಂತು, ನಮ್ಮೂರಲ್ಲಿ ಯಾರ ಮನೆಯಲ್ಲೂ ಅಂಥ ಸಾಮಾನಿಲ್ಲ, ನಾನು ಕೇಳಿದ್ದೇ ತಪ್ಪು ಎನ್ನಬೇಕು. ಇಲ್ಲದಿದ್ದರೆ ಪಾಠ ಮಾಡುವುದು ಅವತ್ತಿಗೇ ಮುಗಿಯಿತು. ಪಾಠ ಬಿಟ್ಟರೆ ಅಕ್ಕನಿಗೆ ಬೇರೆ ಬದುಕಿಲ್ಲ. ಭಾನುವಾರವಿಡೀ ಸ್ಟೂಲಿನ ಮೇಲೆ ಮಂಕು ಬಡಿದವಳಂತೆ ಕೂತಿದ್ದಳು.

"ಒಂದು ಮಾತು ತಾನೇ, ಹೇಳಿಬಿಡ್ಲೇನೋ?" ಅಂತ ನನ್ನನ್ನು ಕೇಳಿದಳು.

ಆಗ ಅಮ್ಮ ಒಳಗಿನಿಂದ ಕೂಗಿದಳು. "ಮಗಾ, ನಿನ್ನ ಉಜ್ಜುಗೊರಡು ತಗೊಂಡು ಬಾರೋ. ನನ್ನ ಮಂಚಕ್ಕೂ ಗೆದ್ದಲು ಬಂದಿದೆ."

ಗೋಡೆಗೆ ತಾಗಿಸಿದ ಆ ಮಂಚವನ್ನು ಅಮ್ಮ ಯಾರಿಗೂ ಸರಿಸಲು ಬಿಟ್ಟವಳಲ್ಲ. ನಾನೂ ಅಕ್ಕನೂ ಸೇರಿ ಎಳೆದೆವು. ತಲೆಹಲಗೆಯ ಹಿಂದೆ ಒಬ್ಬ ಹೆಂಗಸಿನ ಹೆಸರು ಕೊರೆದಿತ್ತು.

"ನಾನೇನು ಕಿತ್ಕೊಂಡೆನಾ?" ಅಂದಳು ಅಮ್ಮ, ಯಾರೂ ಏನೂ ಕೇಳುವ ಮೊದಲೇ. "ನಿಮ್ಮಪ್ಪ ತಂದ್ರು. ನಾವು ಬಿಟ್ಟಿದ್ರೆ ಪಕ್ಕದ ಮನೆಯವರು ಹೊತ್ಕೊಂಡು ಹೋಗ್ತಿದ್ರು."

"ಇವಳು ಯಾರಮ್ಮಾ?" ಅಕ್ಕ ಕೇಳಿದಳು.

"ಬಟ್ಟೆ ಹೊಲೀತಿದ್ದಳು. ನನ್ನ ಬಟ್ಟೇನೂ ಅವಳೇ ಹೊಲಿದು ಕೊಡ್ತಿದ್ದದ್ದು. ತುಂಬಿದ ಬಸುರಿ. ಬಾಣಂತನಕ್ಕೆ ಅಂತ ಹೊಸದಾಗಿ ಮಾಡಿಸ್ಕೊಂಡಿದ್ದ ಮಂಚ ಇದು." ಅಮ್ಮ ಅಕ್ಕನ ಕಡೆ ತಿರುಗಿ ಸೇರಿಸಿದಳು, "ಆಮೇಲೆ ನಿನ್ನನ್ನ ಹೆತ್ತಿದ್ದೂ ಇದರ ಮೇಲೇ. ಗಟ್ಟಿ ಮಂಚ."

ಹೆತ್ತವಳ ಬಗ್ಗೆ ಹೀಗೆ ಬರೆಯಬಾರದು, ಬರೆಯುತ್ತೇನೆ: ಆ ಗಟ್ಟಿ ಮಂಚದ ಮಾತು ಕೇಳಿ, ಈ ಬಾಯಿಗೂ ಹುಳ ಬೀಳ ಅಂದುಕೊಂಡೆ. ಅಕ್ಕ ಮಾತ್ರ ಅಳಲಿಲ್ಲ, ಕೂಗಾಡಲಿಲ್ಲ. ಆ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿ, "ಹಲಗೆ ಬಿಚ್ಚು," ಅಂದಳು.

ಸೋಮವಾರ ಇಬ್ಬರೂ ಆ ತಲೆಹಲಗೆ ಹೊತ್ತುಕೊಂಡು ಹೋಗಿ ಶಾಲೆಯ ಸಭಾಂಗಣದಲ್ಲಿ ಕರಿಹಲಗೆಗೆ ಒರಗಿಸಿದೆವು. ಮಕ್ಕಳು ನೆಲದ ಮೇಲೆ, ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ.

"ಯಾರ ಮನೆಯಲ್ಲೂ ಇಲ್ಲ ಅಂತ ನಾನು ಹೇಳ್ಬೇಕಂತೆ," ಅಂದಳು ಅಕ್ಕ. "ನಮ್ಮ ಮನೆಯಲ್ಲಿದೆ. ಈ ಮಂಚದ ಮೇಲೆ ನಾನು ಹುಟ್ಟಿದೆ. ಇದರ ಮೇಲೆ ಹುಟ್ಟಬೇಕಾಗಿದ್ದ ಮಗು ಹುಟ್ಟಲಿಲ್ಲ, ಅದರ ತಾಯಿಯನ್ನ ಕೊಂದರು. ಅವಳ ಹೆಸರು ಇಲ್ಲಿದೆ. ಬಂದು ಓದಿ."

ಮಕ್ಕಳು ಒಬ್ಬೊಬ್ಬರಾಗಿ ಬಂದು ಗಟ್ಟಿಯಾಗಿ ಓದಿದರು. ಹೆಡ್‌ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಕೊನೆಗೆ ಅಧ್ಯಕ್ಷರು ಎದ್ದು ಬಂದರು. ಒಂದು ಮಾತು, ಬೈಗುಳವಾದರೂ ಸರಿ, ಈಗ ಬರುತ್ತದೆ ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಉಂಗುರದ ಬೆರಳಿನಿಂದ ಆ ಹೆಸರಿನ ಮೇಲೆಯೇ ಟಕಟಕ ಬಡಿದು, ಕಿವಿಗೊಟ್ಟು ಕೇಳಿದರು.

"ಇಂಥ ಮರ ಈಗ ಎಲ್ಲಿ ಸಿಗುತ್ತೆ?" ಅಂದರು. "ನೀವಂತೂ ಶಾಲೆ ಬಿಟ್ಟು ಹೋಗ್ತೀರಿ. ಇದನ್ನ ಕೊಡೋದಾದ್ರೆ ಮೊದಲು ನನಗೆ ಹೇಳಿ."